ಮರಿಗೂ ಹೇಂಟೆಗೂ ಒಂದೇ ಮೂಟೆ?

ಪ್ರಶ್ನೆ: 5 ವಾರದ 40 ನಾಟಿ ಮರಿ, ಮೊಟ್ಟೆ ಇಡುವ 8 ಹೇಂಟೆ ಒಂದೇ ಗೂಡಿನಲ್ಲಿವೆ. ಎಲ್ಲಕ್ಕೂ ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಯ ಆಹಾರ) ಹಾಕಬಹುದೇ?
– ಓದುಗರು, ಮದ್ದೂರು

ಉತ್ತರ: ಬೇಡ. ಲೇಯರ್ ಫೀಡ್‌ನಲ್ಲಿ ಶೇ. 3.5–4ರಷ್ಟು ಕ್ಯಾಲ್ಸಿಯಂ ಇರುತ್ತದೆ, ಮರಿಗೆ ಶೇ. 1 ಸಾಕು. ಹೆಚ್ಚಾದದ್ದು ಮೂತ್ರಪಿಂಡ ಕೆಡಿಸುತ್ತದೆ. ಸತ್ತ ಮರಿ ಕೊಯ್ದರೆ ಹೃದಯ, ಪಿತ್ತಜನಕಾಂಗದ ಮೇಲೆ ಸುಣ್ಣ ಬಳಿದಂಥ ಬಿಳಿ ಪೊರೆ ಕಾಣಲು ಇದೂ ಒಂದು ಕಾರಣ.

8 ವಾರದವರೆಗೆ ಶೇ. 20ರಷ್ಟು ಪ್ರೋಟೀನಿನ ಸ್ಟಾರ್ಟರ್ (ಮರಿಗಳ ಫೀಡ್), ಆಮೇಲೆ ಶೇ. 16ರ ಗ್ರೋವರ್ (ಬೆಳೆಯುವ ಕೋಳಿಯ ಫೀಡ್). ಲೇಯರ್ ಶುರು ಮಾಡುವುದು ಮೊದಲ ಮೊಟ್ಟೆ ಕಂಡಾಗ. ನಾಟಿ ಕೋಳಿ ಮೊಟ್ಟೆಗೆ ಬರುವುದು ತಡ, ವಾರ ಎಣಿಸಿ ಅವಸರಪಡಬೇಡಿ. ಫೀಡ್ ಬದಲಿಸುವಾಗ ಹಳೆಯದಕ್ಕೆ ಹೊಸದನ್ನು ಕಾಲು, ಅರ್ಧ, ಮುಕ್ಕಾಲು ಪಾಲು ಬೆರೆಸುತ್ತಾ ಒಂದು ವಾರ ತೆಗೆದುಕೊಳ್ಳಿ. ಇಲ್ಲದಿದ್ದರೆ ಹಿಕ್ಕೆ ನೀರಾಗುತ್ತದೆ.

ಗೂಡು ಬೇರೆ ಮಾಡಲಾಗದಿದ್ದರೆ ಸದ್ಯಕ್ಕೆ ಎಲ್ಲಕ್ಕೂ ಮರಿಗಳ ಫೀಡನ್ನೇ ಹಾಕಿ, ಕ್ಯಾಲ್ಸಿಯಂಗಾಗಿ ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಡಬ್ಬಿಯಲ್ಲಿ ಹೇಂಟೆಯ ಎದೆಮಟ್ಟಕ್ಕೆ ಕಟ್ಟಿ. ಬೇಕಾದ ಹೇಂಟೆ ಕುಕ್ಕಿಕೊಳ್ಳುತ್ತದೆ.

ರಾಗಿ, ಅಕ್ಕಿ ನುಚ್ಚು ಸಂಜೆ ಒಂದು ಹಿಡಿ ಎರಚಿದರೆ ಸಾಕು. ರಾಗಿಯಲ್ಲಿ ಪ್ರೋಟೀನ್ ಶೇ. 7ರ ಆಸುಪಾಸು, ಅದನ್ನೇ ನಂಬಿದರೆ ಮರಿ ಬೆಳೆಯುವುದಿಲ್ಲ. ಮುಗ್ಗಲು ವಾಸನೆಯ ಮುಸುಕಿನ ಜೋಳವನ್ನಂತೂ ‘ಕೋಳಿಗೆ ತಾನೇ’ ಎಂದು ಸುರಿಯಬೇಡಿ.