ಭಾನುವಾರದ ತರಗತಿ ಮತ್ತು ಆಟಿಸಂ ಇರುವ ಮಗು

ಪ್ರಶ್ನೆ: ವಿರಾಜಪೇಟೆ ಸಮೀಪದ ಚರ್ಚೊಂದರಲ್ಲಿ ಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಸುತ್ತೇನೆ. ಆಟಿಸಂ ಇರುವ ಒಂಬತ್ತು ವರ್ಷದ ಹುಡುಗನೊಬ್ಬ ಹಾಡು ಆರಂಭವಾದೊಡನೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ಪುಸ್ತಕ ಎಸೆದು ಹೊರಗೆ ಓಡುತ್ತಾನೆ. ಗದರಿಸಿದೆವು, ಕೊನೆಯವರೆಗೆ ಸುಮ್ಮನಿದ್ದರೆ ಚಾಕೊಲೇಟ್ ಕೊಡುವುದಾಗಿಯೂ ಹೇಳಿದೆವು. ಯಾವುದೂ ಫಲಿಸಲಿಲ್ಲ. ಉಳಿದ ಪೋಷಕರು ದೂರುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಹಾಡು ಆರಂಭವಾದೊಡನೆ ಅವನು ಕಿವಿ ಮುಚ್ಚಿಕೊಳ್ಳುತ್ತಾನೆ ಎಂದು ನೀವೇ ಬರೆದಿದ್ದೀರಿ, ಅಲ್ಲಿಂದಲೇ ಹೊರಡೋಣ. ಆಟಿಸಂ ಇರುವ ಅನೇಕ ಮಕ್ಕಳಿಗೆ ಶಬ್ದ ನಮಗಿಂತ ತೀವ್ರವಾಗಿ ತಾಗುತ್ತದೆ. ನಮ್ಮ ಮಳೆಗಾಲದಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿರುವಾಗ ಕೀಬೋರ್ಡು, ಮೈಕು, ಮಕ್ಕಳೆಲ್ಲರ ದನಿ ಒಟ್ಟಿಗೆ ಸೇರಿದರೆ ಅವನಿಗೆ ಅದು ನೋವೇ ಆಗಿರಬಹುದು, ನೋವಿಗೆ ಕಿರುಚುವ ಮಗುವನ್ನು ಗದರಿಸಿ ತಿದ್ದಲಾಗದು. ಮೈಕನ್ನು ಬಂದ್ ಮಾಡಿ. ಅವನನ್ನು ಬಾಗಿಲ ಬಳಿ ಕೂರಿಸಿ, ಹಾಡಿಗೆ ಸ್ವಲ್ಪ ಮುಂಚೆ ತಿಳಿಸಿ, ಬಾಗಿಲಿನ ಚಿತ್ರವಿರುವ ಒಂದು ಚೀಟಿಯನ್ನು ಅವನ ಕೈಗೆ ಕೊಡಿ. ಚೀಟಿ ತೋರಿಸಿದಾಗಲೆಲ್ಲ ಹಿರಿಯರೊಬ್ಬರು ತಡಮಾಡದೆ ಅವನನ್ನು ವರಾಂಡಕ್ಕೆ ಕರೆದೊಯ್ಯಬೇಕು. ಕಿರುಚುವುದಕ್ಕಿಂತ ಚೀಟಿಯಿಂದಲೇ ಬೇಗ ಕೆಲಸವಾಗುತ್ತದೆ ಎಂಬುದು ಅವನ ಅನುಭವಕ್ಕೆ ಬರಬೇಕು. ಮೊದಲ ಕೆಲವು ವಾರ ಕಿರುಚಾಟ ಹೆಚ್ಚಾದರೂ ಎದೆಗುಂದಬೇಡಿ, ಹಳೆಯ ದಾರಿಯನ್ನು ಬಿಡುವ ಮೊದಲು ಮಕ್ಕಳು ಅದನ್ನೇ ಇನ್ನಷ್ಟು ಜೋರಾಗಿ ಪ್ರಯತ್ನಿಸುವುದುಂಟು.

ತರಗತಿಯ ಕೊನೆಗೆ ಸಿಗುವ ಚಾಕೊಲೇಟು ಅವನ ಮಟ್ಟಿಗೆ ಬಹಳ ದೂರದ್ದು. ಐದು ನಿಮಿಷ ಕುಳಿತರೆ ಆ ಕ್ಷಣದಲ್ಲೇ ಮೆಚ್ಚಿ, ಅದೂ ಬರೀ ‘ಜಾಣ’ ಎನ್ನದೆ, ‘ಪುಸ್ತಕವನ್ನು ಮೇಜಿನ ಮೇಲಿಟ್ಟೆ, ತುಂಬಾ ಚೆನ್ನಾಯಿತು’ ಎಂದು ಮಾಡಿದ್ದನ್ನೇ ಹೆಸರಿಸಿ. ಅವನಿಗೆ ಯಾವುದು ಇಷ್ಟ ಎಂದು ತಾಯಿಯನ್ನು ಕೇಳಿ. ಹಾಡಿನ ಪುಸ್ತಕ ಹಂಚುವ ಕೆಲಸವೇ ಅವನಿಗೆ ತಿಂಡಿಗಿಂತ ದೊಡ್ಡ ಬಹುಮಾನವಾಗಬಹುದು. ಕೊಡಗಿನ ಚರ್ಚುಗಳಿಗೆ ಬರುವ ಎಷ್ಟೋ ಮನೆಗಳಲ್ಲಿ ಕೊಂಕಣಿ, ಮಲಯಾಳ ಅಥವಾ ತಮಿಳು ಆಡುತ್ತಾರೆ, ಆದ್ದರಿಂದ ‘ಕೂರು’, ‘ಆಮೇಲೆ’ ಎಂಬಂಥ ಚಿಕ್ಕ ಸೂಚನೆಗಳು ಅವನ ಮನೆಮಾತಿನಲ್ಲೇ ಇರಲಿ.

ದೂರುವ ಪೋಷಕರೊಡನೆ ಮಾತನಾಡುವ ಮುನ್ನ ಹುಡುಗನ ತಂದೆತಾಯಿಯ ಒಪ್ಪಿಗೆ ಪಡೆಯಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು, ಇದು ಹಠವೂ ಅಲ್ಲ, ಬೆಳೆಸಿದವರ ತಪ್ಪೂ ಅಲ್ಲ ಎಂದು ಸ್ಪಷ್ಟವಾಗಿ ಹೇಳಿ. ಅವನನ್ನು ತರಗತಿಯಿಂದ ಬಿಡಿಸುವ ಸಲಹೆ ಬಂದರೆ ದಯವಿಟ್ಟು ಒಪ್ಪಬೇಡಿ.

ಹಬ್ಬಕ್ಕೆ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಂಥ ದೊಡ್ಡ ಚರ್ಚಿಗೆ ಕರೆದೊಯ್ಯುವುದಿದ್ದರೆ, ಜನರಿಲ್ಲದ ದಿನ ಒಮ್ಮೆ ಮುಂಚಿತವಾಗಿ ಕರೆದುಕೊಂಡು ಹೋಗಿ ಕೂರುವ ಜಾಗವನ್ನೂ ಹೊರಬರುವ ಬಾಗಿಲನ್ನೂ ತೋರಿಸಿಡಿ.