ಬೈಬಲಿನಲ್ಲೇ ಇಲ್ಲದ ಹನೋಕನ ಪುಸ್ತಕಕ್ಕೆ ಇಷ್ಟೊಂದು ಮಹತ್ವ ಯಾಕೆ?

ಹನೋಕನ ಪುಸ್ತಕ ಬೈಬಲಿಗೆ ಸೇರಿಲ್ಲ, ಹಾಗಿದ್ದರೂ ಅದರ ಪ್ರಭಾವ ದೊಡ್ಡದು ಅಂತಾರಲ್ಲ, ನಿಜವಾ ಅಂತ ಕೇಳಿದ್ದೀರಿ. ನಿಜ. ನಾನು ಈ ಪುಸ್ತಕದ ಹತ್ತಿರ ಬಂದದ್ದೇ ಒಂದು ಮಾತನ್ನು ಹುಡುಕಿಕೊಂಡು.

ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಕೊನೆಯಲ್ಲಿ ಯೂದನ ಪತ್ರಿಕೆ ಅಂತ ಇದೆ. ಒಟ್ಟು 25 ವಚನ, ಅಷ್ಟೇ. ಅದರ 14ನೇ ವಚನದಲ್ಲಿ, ಆದಾಮನಿಂದ ಏಳನೆಯವನಾದ ಹನೋಕ ಹೀಗೆ ಪ್ರವಾದಿಸಿದ ಅಂತ ಒಂದು ಮಾತು ಬರುತ್ತದೆ. ಮೂಲ ನೋಡೋಣ ಅಂತ ಹಳೆಯ ಒಡಂಬಡಿಕೆ ತಿರುವಿದೆ. ಎಲ್ಲೂ ಸಿಗಲಿಲ್ಲ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 5ನೇ ಅಧ್ಯಾಯದಲ್ಲಿ ಹನೋಕನ ಬಗ್ಗೆ ಇರುವುದು ಕೆಲವೇ ಸಾಲು. 365 ವರ್ಷ ಬಾಳಿದ, ದೇವರ ಜೊತೆ ನಡೆದ, ಆಮೇಲೆ ಕಾಣದೆ ಹೋದ, ದೇವರು ಅವನನ್ನು ಕರೆದುಕೊಂಡ. ಸತ್ತ ಅಂತ ಕೂಡ ಬರೆದಿಲ್ಲ. ಯೂದ ಹೇಳುವ ಮಾತು ಇರುವುದು ಹನೋಕನ ಪುಸ್ತಕದ ಮೊದಲ ಅಧ್ಯಾಯದಲ್ಲಿ.

ಹೋದವನು ಎಲ್ಲಿಗೆ ಹೋದ, ಏನು ನೋಡಿದ? ಈ ಪ್ರಶ್ನೆಯೇ ಪುಸ್ತಕವಾಯಿತು. ಒಬ್ಬರೇ ಬರೆದದ್ದಲ್ಲ, ಬೇರೆ ಬೇರೆ ಕಾಲದ ಯೆಹೂದಿ ಬರಹಗಳನ್ನು ಸೇರಿಸಿದ್ದು. ಹಳೆಯ ಭಾಗ ಸುಮಾರು ಕ್ರಿ.ಪೂ. 3ನೇ ಶತಮಾನದ್ದು. ಅದರಲ್ಲಿ 200 ದೇವದೂತರು ಹೆರ್ಮೋನ್ ಬೆಟ್ಟದ ಮೇಲೆ ಇಳಿದು, ಆಣೆ ಮಾಡಿಕೊಂಡು, ಮನುಷ್ಯರ ಹೆಣ್ಣುಮಕ್ಕಳನ್ನು ಮದುವೆಯಾಗುತ್ತಾರೆ. ಅವರಲ್ಲೊಬ್ಬ ಕತ್ತಿ ಗುರಾಣಿ ಮಾಡುವುದನ್ನು, ಬಳೆ ಮಾಡುವುದನ್ನು, ಕಣ್ಣಿಗೆ ಕಾಡಿಗೆ ತೀಡುವುದನ್ನು ಕಲಿಸುತ್ತಾನೆ. ಲೋಕ ಕೆಟ್ಟದ್ದು ಹೀಗೆ ಅನ್ನುತ್ತದೆ ಕಥೆ. ತಪ್ಪು ಮಾಡಿದ ದೂತರನ್ನು ಕಟ್ಟಿ ಕತ್ತಲಲ್ಲಿ ಇಟ್ಟಿರುವ ಮಾತು ಯೂದನ ಪತ್ರಿಕೆಯಲ್ಲೂ ಪೇತ್ರನ ಎರಡನೇ ಪತ್ರಿಕೆಯಲ್ಲೂ ಇದೆ.

ಆದರೆ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಹನೋಕನ ಪುಸ್ತಕದ 22ನೇ ಅಧ್ಯಾಯ. ಹಳೆಯ ಹೀಬ್ರೂ ಬರಹಗಳಲ್ಲಿ ಸಾಮಾನ್ಯವಾಗಿ ಸತ್ತವರೆಲ್ಲ ಒಂದೇ ಪಾತಾಳಕ್ಕೆ ಇಳಿಯುತ್ತಾರೆ, ಒಳ್ಳೆಯವರೂ ಕೆಟ್ಟವರೂ. ಸತ್ತವರಿಗೆ ಯಾವ ತಿಳಿವಳಿಕೆಯೂ ಇಲ್ಲ ಅಂತ ಹಳೆಯ ಒಡಂಬಡಿಕೆಯ ಪ್ರಸಂಗಿ ಪುಸ್ತಕ ಹೇಳುತ್ತದೆ. ಇಲ್ಲಿ ಹಾಗಲ್ಲ. ಹನೋಕನಿಗೆ ಪಶ್ಚಿಮದಲ್ಲಿ ದೊಡ್ಡ ಬೆಟ್ಟವೊಂದು ಕಾಣುತ್ತದೆ. ಅದರೊಳಗೆ ಆಳವಾದ ಪೊಳ್ಳು ಜಾಗಗಳು. ಕತ್ತಲ ಜಾಗಗಳ ನಡುವೆ ಒಂದರಲ್ಲಿ ಮಾತ್ರ ಬೆಳಕು, ನೀರಿನ ಒರತೆ. ಅದು ನೀತಿವಂತರಿಗೆ. ನ್ಯಾಯತೀರ್ಪಿನ ದಿನದವರೆಗೆ ಆತ್ಮಗಳು ಬೇರೆ ಬೇರೆಯಾಗಿ ಕಾಯುತ್ತವೆ. ಒಂದು ಆತ್ಮದ ಕೂಗು ಮೇಲಕ್ಕೆ ಏರುತ್ತಲೇ ಇರುತ್ತದೆ. ಯಾರದು ಅಂತ ಹನೋಕ ಕೇಳಿದರೆ, ಅಣ್ಣ ಕಾಯಿನನ ಕೈಯಲ್ಲಿ ಸತ್ತ ಹೇಬೆಲನದು ಅನ್ನುತ್ತಾನೆ ರಫಾಯೇಲ ದೂತ. ಬದುಕಿದ್ದಾಗ ನ್ಯಾಯ ಸಿಗದವನ ದೂರು ಸತ್ತ ಮೇಲೂ ನಿಲ್ಲಲಿಲ್ಲ, ಅಲ್ವಾ? ಸತ್ತ ಮೇಲೂ ನ್ಯಾಯ ಉಂಟು ಅನ್ನುವ ನಂಬಿಕೆಗೆ ಇದೊಂದೇ ಮೂಲ ಅನ್ನುತ್ತಿಲ್ಲ. ಆದರೆ ಸತ್ತವರು ಎದ್ದು ಬರುವ, ಹಳೆಯ ಒಡಂಬಡಿಕೆಯ ದಾನಿಯೇಲನ ಪುಸ್ತಕದ ಕೊನೆಯ ಅಧ್ಯಾಯಕ್ಕಿಂತ ಈ ಭಾಗ ಹಳೆಯದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಐಶ್ವರ್ಯವಂತನೂ ಲಾಜರನೂ ಸತ್ತ ಮೇಲೆ ಬೇರೆ ಬೇರೆ ಕಡೆ ಇರುವುದನ್ನು ಓದುವಾಗೆಲ್ಲ ನನಗೆ ಈ ಬೆಟ್ಟ ನೆನಪಾಗುತ್ತದೆ.

ಹಾಗಿದ್ದರೆ ಯಾಕೆ ಬಿಟ್ಟರು? ಯೆಹೂದಿ ಧರ್ಮಗುರುಗಳಾದ ರಬ್ಬಿಗಳಿಗೆ ದೂತರ ಮದುವೆಯ ಕಥೆ ಒಪ್ಪಿಗೆಯಾಗಲಿಲ್ಲ. ಆದಿಕಾಂಡ 6ರಲ್ಲಿ ಮನುಷ್ಯರ ಹೆಣ್ಣುಮಕ್ಕಳನ್ನು ಮದುವೆಯಾಗುವ ‘ದೇವಪುತ್ರರು’ ದೂತರಲ್ಲ, ನ್ಯಾಯಾಧೀಶರ ಮಕ್ಕಳು ಅಂತ ಅರ್ಥ ಹೇಳಿದರು. ಆರಂಭದ ಶತಮಾನಗಳ ಕ್ರೈಸ್ತ ಲೇಖಕರಲ್ಲಿ ತೆರ್ತುಲಿಯನ್ ಪುಸ್ತಕದ ಪರ ವಾದಿಸಿದ, ಅಗಸ್ಟೀನ್ ಒಪ್ಪಲಿಲ್ಲ. ಇಥಿಯೋಪಿಯಾ, ಎರಿಟ್ರಿಯಾ ಕಡೆಯ ಕ್ರೈಸ್ತ ಸಭೆಗಳು ಮಾತ್ರ ಇದನ್ನು ಬೈಬಲಿನೊಳಗೇ ಉಳಿಸಿಕೊಂಡವು. ಇಡೀ ಪುಸ್ತಕ ನಮಗೆ ಸಿಕ್ಕಿರುವುದೂ ಅಲ್ಲಿನ ಗೀಜ್ ಭಾಷೆಯಲ್ಲೇ. 1773ರಲ್ಲಿ ಸ್ಕಾಟ್ಲೆಂಡಿನ ಪ್ರವಾಸಿ ಜೇಮ್ಸ್ ಬ್ರೂಸ್ ಮೂರು ಪ್ರತಿಗಳನ್ನು ಯುರೋಪಿಗೆ ತಂದ. ಆಮೇಲೆ 1952ರಲ್ಲಿ ಮೃತ ಸಮುದ್ರದ ಪಕ್ಕ ಕುಮ್ರಾನಿನ 4ನೇ ಗವಿಯಲ್ಲಿ ಇದೇ ಪುಸ್ತಕದ ಅರಾಮಿಕ್ ಭಾಷೆಯ ಹಸ್ತಪ್ರತಿ ಚೂರುಗಳು ಸಿಕ್ಕವು. ಯೇಸುವಿಗಿಂತ ಮುಂಚೆಯೇ ಯೆಹೂದಿಗಳು ಇದನ್ನು ಓದುತ್ತಿದ್ದರು ಅನ್ನುವುದಕ್ಕೆ ಆಗ ಕೈಗೆ ಸಿಗುವ ಸಾಕ್ಷಿ ಬಂತು.

ಓದಬೇಕು ಅನ್ನಿಸಿದರೆ ಮೊದಲು ಆದಿಕಾಂಡ 5 ಮತ್ತು 6 ಓದಿಕೊಳ್ಳಿ. ಆಮೇಲೆ ಹನೋಕನ ಮೊದಲ 36 ಅಧ್ಯಾಯ ಸಾಕು. 22ಕ್ಕೆ ಬಂದಾಗ ಮಾತ್ರ ಅವಸರ ಮಾಡಬೇಡಿ.