ಹಳೆಯ ಡಬ್ಬಿ, ಬಕೆಟ್‌ಗಳಲ್ಲೇ ಸೊಪ್ಪು ತರಕಾರಿ ಬೆಳೆಯಬಹುದೇ?

ಬಾಡಿಗೆ ಮನೆ, ಪುಟ್ಟ ಬಾಲ್ಕನಿ, ಅಟ್ಟದ ಮೇಲೆ ಖಾಲಿ ಡಬ್ಬಿಗಳ ರಾಶಿ. ಹೊಸ ಕುಂಡ ಕೊಳ್ಳದೆ ಇವುಗಳಲ್ಲೇ ಕೈತೋಟ ಮಾಡಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಮಾಡಬಹುದು. ಮೈಸೂರಿನ ನಮ್ಮ ತಾರಸಿಯಲ್ಲಿ ಒಂಬತ್ತು ವರ್ಷಗಳಿಂದ ನಾನು ಮಾಡುತ್ತಿರುವುದೂ ಅದನ್ನೇ. ನಾನು ದುಡ್ಡು ಕೊಟ್ಟು ತಂದ ಕುಂಡ ಒಂದೇ, ಅದು ತುಳಸಿಯದು.

ಡಬ್ಬಿ ಆರಿಸುವಾಗ ಆಳ ನೋಡಿ. ಮೆಂತ್ಯ, ಕೊತ್ತಂಬರಿ, ದಂಟಿನ ಸೊಪ್ಪಿಗೆ ಆರು ಇಂಚು ಮಣ್ಣು ಸಾಕು. 5 ಲೀಟರಿನ ಎಣ್ಣೆ ಕ್ಯಾನನ್ನು ಅಡ್ಡ ಮಲಗಿಸಿ ಮೇಲಿನ ಮಗ್ಗುಲನ್ನು ಕತ್ತರಿಸಿ ತೆಗೆದರೆ ಒಳ್ಳೆಯ ತೊಟ್ಟಿಯಾಗುತ್ತದೆ. ಟೊಮೆಟೊ, ಬದನೆಗೆ ಕನಿಷ್ಠ ಒಂದು ಅಡಿ ಆಳ ಬೇಕು. ಗೋಡೆಗೆ ಬಳಿಯುವ ಬಣ್ಣದ 20 ಲೀಟರ್ ಬಕೆಟ್ ಅದಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಬಕೆಟ್‌ಗೆ ಒಂದೇ ಗಿಡ. ಆಸೆಪಟ್ಟು ಎರಡು ನೆಟ್ಟರೆ ಎರಡೂ ಸೊರಗುತ್ತವೆ.

ಎಣ್ಣೆಯ ಕ್ಯಾನ್ ಆದರೆ ಬಿಸಿನೀರು, ಸೋಪಿನ ಪುಡಿ ಹಾಕಿ ಜಿಡ್ಡು ಪೂರ್ತಿ ಹೋಗುವವರೆಗೆ ತೊಳೆಯಿರಿ. ಆಮೇಲೆ ತೂತು. ಮೊದಲ ವರ್ಷ ನಾನು ಎಡವಿದ್ದು ಇಲ್ಲೇ. ಅಡಿಯಲ್ಲಿ ಒಂದೇ ಒಂದು ತೂತು ಮಾಡಿದ್ದೆ. ಅದಕ್ಕೆ ಮಣ್ಣು ಕಟ್ಟಿಕೊಂಡಿತು, ಜುಲೈ ಮಳೆಗೆ ನೀರು ನಿಂತು ಗೇಣುದ್ದ ಬೆಳೆದಿದ್ದ ಮೆಣಸಿನ ಗಿಡ ಬುಡದಲ್ಲೇ ಕೊಳೆಯಿತು. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಈಗ ಬಕೆಟ್‌ಗೆ ಎಂಟು ತೂತು: ಅಡಿಯಲ್ಲಿ ಐದು, ಬುಡದಿಂದ ಒಂದು ಇಂಚು ಮೇಲೆ ಸುತ್ತ ಮೂರು. ಗೋಣಿ ಹೊಲಿಯುವ ದಬ್ಬಳಕ್ಕೆ ದಪ್ಪ ಬಟ್ಟೆ ಸುತ್ತಿ ಹಿಡಿದು, ತುದಿ ಕೆಂಪಗಾಗುವಂತೆ ಕಾಯಿಸಿ ಚುಚ್ಚಿದರೆ ಪ್ಲಾಸ್ಟಿಕ್ ಬೆಣ್ಣೆಯಂತೆ ಬಿಟ್ಟುಕೊಡುತ್ತದೆ. ಅಲ್ಲೇ ಒಮ್ಮೆ ತಿರುಗಿಸಿದರೆ ತೂತು ಕಡಲೆಕಾಳಿನಷ್ಟು ಅಗಲವಾಗುತ್ತದೆ, ಅಷ್ಟಿರಲಿ. ಹೊಗೆ ಒಳ್ಳೆಯದಲ್ಲ, ಬಾಲ್ಕನಿಯಲ್ಲಿ ಕುಳಿತು ಮಾಡಿ, ಮಕ್ಕಳನ್ನು ದೂರವಿಡಿ. ಮಣ್ಣು ಸೋರದಂತೆ ತೂತಿನ ಮೇಲೆ ತೆಂಗಿನ ನಾರಿನ ಒಂದು ಹಿಡಿ ಹಾಸಿ.

ಮಣ್ಣಿಗೆ ನನ್ನ ಲೆಕ್ಕ: ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೂರೂ ಸಮಸಮ. ಬರೀ ಕೆಮ್ಮಣ್ಣು ತುಂಬಿದರೆ ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಜೊತೆಗೆ ಭಾರ ಬೇರೆ. ಒದ್ದೆ ಮಣ್ಣು ತುಂಬಿದ 20 ಲೀಟರ್ ಬಕೆಟ್ 25 ಕಿಲೋ ಸುಲಭವಾಗಿ ತೂಗುತ್ತದೆ. ಅಂಥವನ್ನು ಗೋಡೆಯ ಪಕ್ಕಕ್ಕೆ ಇಡಿ, ಕಟಕಟೆಯ ಮೇಲೆ ಎಂದೂ ಬೇಡ. ಬಾಡಿಗೆ ಮನೆಯಾದ್ದರಿಂದ ಮಾಲೀಕರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.

ಚಿಕ್ಕ ಡಬ್ಬಿಗಳನ್ನೂ ಎಸೆಯಬೇಡಿ. ಮೊಸರಿನ ಕಪ್‌ಗಳಲ್ಲಿ ಟೊಮೆಟೊ, ಮೆಣಸಿನ ಸಸಿ ಎಬ್ಬಿಸುತ್ತೇನೆ. ಪಾರದರ್ಶಕ ಮುಚ್ಚಳದ ಮಿಠಾಯಿ ಡಬ್ಬಿಯಲ್ಲಿ ಬೀಜ ಹಾಕಿ ಮುಚ್ಚಿಟ್ಟರೆ ತೇವ ಆರುವುದಿಲ್ಲ. ಮೊಳಕೆ ತಲೆ ಎತ್ತಿದ ದಿನವೇ ಮುಚ್ಚಳ ತೆಗೆಯಿರಿ, ಇಲ್ಲವಾದರೆ ಬೂಷ್ಟು ಬರುತ್ತದೆ. ಅಗಲವಾದ ಮುಚ್ಚಳಗಳು ಕುಂಡದಡಿಯ ತಟ್ಟೆಯಾಗುತ್ತವೆ. ಅದರಲ್ಲಿ ನಿಂತ ನೀರನ್ನು ಮಾತ್ರ ಆಗಾಗ ಚೆಲ್ಲುತ್ತಿರಿ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಅಂಥ ನೀರಿನಲ್ಲೇ.

ಕೀಟನಾಶಕ, ಆ್ಯಸಿಡ್, ಫಿನಾಯಿಲ್ ಇದ್ದ ಡಬ್ಬಿಗಳು ಎಷ್ಟು ತೊಳೆದರೂ ಬೇಡವೇ ಬೇಡ. ನಾವು ತಿನ್ನುವ ಸೊಪ್ಪು ಅದು. ಬಣ್ಣದ ಬಕೆಟ್ ಆದರೆ ನೀರಿನಲ್ಲಿ ಕರಗುವ ಬಣ್ಣದ್ದನ್ನೇ ಆರಿಸಿ, ಒಳಗಿನ ಪೊರೆಯನ್ನು ಪೂರ್ತಿ ಕಿತ್ತು ತೆಗೆಯಿರಿ. ತಗಡಿನ ಡಬ್ಬಿ ಏಪ್ರಿಲ್ ಬಿಸಿಲಿಗೆ ಕಾದು ಬೇರು ಬೇಯಿಸುತ್ತದೆ. ಬಳಸುವುದಾದರೆ ಹೊರಗೆ ಗೋಣಿ ಸುತ್ತಿ.

ಮೊದಲಿಗೆ ಅಡುಗೆಮನೆಯ ಮೆಂತ್ಯವನ್ನೇ ರಾತ್ರಿ ನೆನೆಸಿ ಬಿತ್ತಿ. ನಾಲ್ಕೈದು ದಿನಕ್ಕೆ ಮೊಳಕೆ, ತಿಂಗಳೊಳಗೆ ಸಾರಿಗೆ ಸೊಪ್ಪು. ಬಾಲ್ಕನಿಗೆ ದಿನಕ್ಕೆ ಎಷ್ಟು ಗಂಟೆ ಬಿಸಿಲು ಬೀಳುತ್ತದೆ ಎಂದು ನೋಡಿ ತಿಳಿಸಿ. ಮೂರು ನಾಲ್ಕು ಗಂಟೆಯಾದರೆ ಸೊಪ್ಪಿನಲ್ಲೇ ಇರಿ. ಆರು ಗಂಟೆ ಇದ್ದರೆ ಟೊಮೆಟೊ ಬಕೆಟ್ ಈಗಲೇ ತೊಳೆದಿಡಿ.